ಎಲ್ಲ ಮಕ್ಕಳಿಗೂ ಜಾಗವಿರುವ ತರಗತಿ: ಶಿಕ್ಷಕರ ತರಬೇತಿಯನ್ನು ನಡೆಸುವುದು ಹೇಗೆ?

ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಸಂಪನ್ಮೂಲ ವ್ಯಕ್ತಿಗಳು, ಮುಖ್ಯ ಶಿಕ್ಷಕರು, ಶಾಲೆಯ ಆಡಳಿತ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ಸಮನ್ವಯ ಶಿಕ್ಷಣದ ತರಬೇತಿ ಕೊಟ್ಟಾಯಿತು, ಶಿಕ್ಷಕರೆಲ್ಲ ಒಪ್ಪಿ ತಲೆಯಾಡಿಸಿಯೂ ಆಯಿತು, ಆದರೆ ಮರುವಾರ ತರಗತಿಗೆ ಹೋಗಿ ನೋಡಿದರೆ ಎಲ್ಲವೂ ಮೊದಲಿನಂತೆಯೇ ಇದೆ, ತಪ್ಪುತ್ತಿರುವುದು ಎಲ್ಲಿ?’ ಈ ಲೇಖನ ಆ ಪ್ರಶ್ನೆಗೆ ಉತ್ತರವಾಗಿ, ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಬರೆದದ್ದು. ಖಾಸಗಿ ಶಾಲೆಗಳಲ್ಲಿ ತರಬೇತಿ ನಡೆಸುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಬಗ್ಗೆ ಕಾಳಜಿ ಇರಬೇಕೆಂದು ಶಿಕ್ಷಕರಿಗೆ ಉಪದೇಶಿಸುವ ಅಗತ್ಯ ಬಹಳ ಕಡಿಮೆ. ಹೆಚ್ಚಿನವರಲ್ಲಿ ಅದು ಇದ್ದೇ ಇರುತ್ತದೆ. ನಲವತ್ತು ನಿಮಿಷದ ಅವಧಿಯಲ್ಲಿ, ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಆ ಕಾಳಜಿಯನ್ನು ಯಾವ ಮಾತಿನಲ್ಲಿ, ಯಾವ ಕೆಲಸದಲ್ಲಿ ತೋರಿಸಬೇಕೆಂಬ ಅಭ್ಯಾಸ ಅವರಿಗೆ ಸಿಕ್ಕಿರುವುದಿಲ್ಲ. ಆದ್ದರಿಂದ ತರಬೇತಿಯಲ್ಲಿ ಭಾಷಣ ಕಡಿಮೆಯಾಗಿ ಅಭ್ಯಾಸ ಹೆಚ್ಚಾಗಬೇಕು, ಆ ಅಭ್ಯಾಸ ತರಗತಿಯೊಳಗೆ ತಿಂಗಳುಗಟ್ಟಲೆ ಮುಂದುವರಿಯಬೇಕು, ಮತ್ತು ಶಿಕ್ಷಕರು ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ನಾವು ಬಯಸುತ್ತೇವೆಯೋ ಹಾಗೆಯೇ ತರಬೇತಿಯ ಕೋಣೆಯಲ್ಲಿ ಶಿಕ್ಷಕರನ್ನು ನಾವು ನಡೆಸಿಕೊಳ್ಳಬೇಕು.

ಮೊದಲು ತಿಳಿದಿರಬೇಕಾದ ಪದಗಳು ಮತ್ತು ಕಾನೂನು

ಸಮನ್ವಯ ಶಿಕ್ಷಣ ಎಂದರೆ ಅಂಗವೈಕಲ್ಯವಿರುವ ಮತ್ತು ಇಲ್ಲದ ಮಕ್ಕಳು ಒಂದೇ ತರಗತಿಯಲ್ಲಿ ಒಟ್ಟಿಗೆ ಕಲಿಯುವುದು ಮತ್ತು ಬೇರೆ ಬೇರೆ ಮಕ್ಕಳ ಅಗತ್ಯಕ್ಕೆ ತಕ್ಕಂತೆ ಬೋಧನೆಯನ್ನು ಹೊಂದಿಸುವುದು. ಈ ಲೇಖನದಲ್ಲಿ ಅದನ್ನು ಇನ್ನೂ ಸ್ವಲ್ಪ ವಿಶಾಲವಾಗಿ ಬಳಸಿದ್ದೇನೆ: ಮನೆಮಾತು ಬೇರೆಯಾದ ಮಗು, ಗುಳೆ ಹೋಗಿ ವರ್ಷದ ನಡುವೆ ಬಂದ ಮಗು, ಜಾತಿಯ ಕಾರಣಕ್ಕೆ ಹಿಂದಿನ ಸಾಲಿಗೆ ಸರಿದ ಮಗು ಕೂಡ ಇದರೊಳಗೆ ಸೇರುತ್ತಾರೆ.

ಸೂಕ್ತ ಹೊಂದಾಣಿಕೆ ಎಂದರೆ ಒಂದು ನಿರ್ದಿಷ್ಟ ಮಗು ಉಳಿದವರಂತೆ ಕಲಿಯಲು ಸಾಧ್ಯವಾಗುವಂತೆ ಶಾಲೆಗೆ ಅತಿಯಾದ ಹೊರೆಯಾಗದ ಹಾಗೆ ಮಾಡುವ ಬದಲಾವಣೆ. ಕೂರುವ ಜಾಗ ಬದಲಿಸುವುದರಿಂದ ಹಿಡಿದು ಬರೆಯಲು ಹೆಚ್ಚು ಸಮಯ ಕೊಡುವವರೆಗೆ ಇದು ಏನೂ ಆಗಿರಬಹುದು. ವೈಯಕ್ತಿಕ ಶಿಕ್ಷಣ ಯೋಜನೆ ಎಂದರೆ ಒಂದು ಮಗುವಿಗಾಗಿಯೇ ಬರೆದಿಟ್ಟ ಗುರಿ, ಬೇಕಾದ ನೆರವು ಮತ್ತು ಪರಿಶೀಲನೆಯ ದಿನಾಂಕಗಳ ಪಟ್ಟಿ.

ಕಾನೂನಿನ ವಿಷಯದಲ್ಲಿ ತರಬೇತಿ ನಡೆಸುವವರಿಗೆ ಖಚಿತತೆ ಇರಲೇಬೇಕು, ಏಕೆಂದರೆ ಅಲ್ಲಿ ಯಾರಾದರೂ ‘ಒಂದೇಟು ಕೊಡದಿದ್ದರೆ ಮಕ್ಕಳು ಕಲಿಯುವುದಾದರೂ ಹೇಗೆ?’ ಎಂದು ಕೇಳಿಯೇ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮಕ್ಕೆ ಅವಕಾಶ ನೀಡುತ್ತದೆ. ಅದೇ ಕಾಯ್ದೆಯ 29ನೇ ಕಲಂ, ಮಗುವನ್ನು ಭಯ, ಆಘಾತ ಮತ್ತು ಆತಂಕದಿಂದ ಮುಕ್ತವಾಗಿಸಬೇಕು ಎನ್ನುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 1995ರ ಕಾಯ್ದೆಯಲ್ಲಿದ್ದ 7 ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ನಿರ್ದಿಷ್ಟ ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದಲ್ಲಿನ ತೊಡಕು) ಮತ್ತು ಆಟಿಸಂ ಸೇರಿದ್ದು ಆಗಲೇ. ಈ ಕಾಯ್ದೆಯ 16ನೇ ಕಲಂ ಭೇದವಿಲ್ಲದ ಪ್ರವೇಶ ಮತ್ತು ಸೂಕ್ತ ಹೊಂದಾಣಿಕೆಯ ಬಗ್ಗೆ ಹೇಳಿದರೆ, 31ನೇ ಕಲಂ ಶೇ. 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣದ ಅಂಗವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ನೀಡುತ್ತದೆ.

ಇಷ್ಟನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟರೆ ಸಾಕು. ಕಾನೂನಿನ ಮೇಲೆ ಅರ್ಧ ದಿನ ಕಳೆಯುವುದು ಬೇಡ. ಹೆದರಿಸಿ ಆರಂಭಿಸಿದ ತರಬೇತಿಯಲ್ಲಿ ಶಿಕ್ಷಕರು ಮನಬಿಚ್ಚಿ ಮಾತನಾಡುವುದಿಲ್ಲ.

ಬೇಕಾಗುವ ಸಿದ್ಧತೆ

ಒಂದು ತಂಡದಲ್ಲಿ 25ರಿಂದ 30 ಶಿಕ್ಷಕರು, ಇಬ್ಬರು ನಡೆಸುವವರು, ನೆಲದ ಮೇಲೆ ಅಥವಾ ಕುರ್ಚಿಗಳಲ್ಲಿ ವೃತ್ತಾಕಾರವಾಗಿ ಕೂರಲು ಜಾಗವಿರುವ ಕೋಣೆ, ಚಾರ್ಟ್ ಹಾಳೆಗಳು ಮತ್ತು ಸ್ಕೆಚ್ ಪೆನ್ನುಗಳು: ಸಾಮಗ್ರಿಯೆಂದರೆ ಇಷ್ಟೇ. ಒಂದೇ ಶಾಲೆಯಿಂದ ಕನಿಷ್ಠ ಇಬ್ಬರು ಬರುವಂತೆ ನೋಡಿಕೊಳ್ಳಿ; ಒಬ್ಬರೇ ಬಂದು ಹೋದರೆ ಶಾಲೆಗೆ ಮರಳಿದ ಮೇಲೆ ಅವರೊಡನೆ ಮಾತನಾಡಲು ಯಾರೂ ಇರುವುದಿಲ್ಲ. ಏಕೋಪಾಧ್ಯಾಯ ಶಾಲೆಯವರನ್ನು ಪಕ್ಕದ ಊರಿನ ಶಿಕ್ಷಕರೊಡನೆ ಜೋಡಿ ಮಾಡಿ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿಯವರನ್ನು, ಅತಿಥಿಯಾಗಿ ಕರೆದು ಒಂದು ಗಂಟೆ ಮಾತನಾಡಿಸಿ ಕಳುಹಿಸುವ ಬದಲು ಇಡೀ ದಿನ ಜೊತೆಯಲ್ಲಿ ಕೂರಿಸಿಕೊಳ್ಳಿ.

ರಾಷ್ಟ್ರೀಯ ಶಿಕ್ಷಣ ನೀತಿ 2020, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಚಟುವಟಿಕೆಗಳಲ್ಲಿ ತೊಡಗಬೇಕೆಂದು ಹೇಳುತ್ತದೆ. ಅದರಲ್ಲಿ ಎರಡು ದಿನವನ್ನು ಮುಖಾಮುಖಿ ತರಬೇತಿಗೆ ಇಟ್ಟು, ಉಳಿದದ್ದನ್ನು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿಗೆ ಮತ್ತು ತರಗತಿ ಭೇಟಿಗಳಿಗೆ ಹಂಚುವುದು ಉತ್ತಮ. ಐದು ದಿನ ಒಟ್ಟಿಗೆ ಕೂರಿಸಿ ಆಮೇಲೆ ವರ್ಷವಿಡೀ ಮರೆತುಬಿಡುವುದಕ್ಕಿಂತ ಇದರಿಂದ ಹೆಚ್ಚು ಕೆಲಸವಾಗುತ್ತದೆ.

ಹಂತ 1: ತರಬೇತಿಗೆ ಮೊದಲು ತರಗತಿಯಲ್ಲಿ ಕುಳಿತು ನೋಡಿ

ತರಬೇತಿಗೆ ಎರಡು ಮೂರು ವಾರ ಮೊದಲು, ಬರಲಿರುವ ಕೆಲವು ಶಿಕ್ಷಕರ ತರಗತಿಗಳಿಗೆ ಅವರ ಒಪ್ಪಿಗೆ ಪಡೆದು ಹೋಗಿ. ಒಂದು ಹಾಳೆಯಲ್ಲಿ ಮಕ್ಕಳು ಕೂತಿರುವ ಕ್ರಮವನ್ನು ಚೌಕಗಳಾಗಿ ಬರೆದುಕೊಳ್ಳಿ. ಹೆಸರು ಬೇಡ, ಹುಡುಗಿಗೆ ಒಂದು ಗುರುತು, ಹುಡುಗನಿಗೆ ಒಂದು ಗುರುತು ಸಾಕು. ಒಂದು ಅವಧಿ ಪೂರ್ತಿ, ಶಿಕ್ಷಕರು ಯಾವ ಮಗುವಿನೊಡನೆ ನೇರವಾಗಿ ಮಾತನಾಡಿದರೂ ಆ ಚೌಕದಲ್ಲಿ ಒಂದು ಗೀಟು ಹಾಕಿ. ಪ್ರಶ್ನೆ ಕೇಳಿದರೆ ‘ಪ್ರ’, ಹೊಗಳಿದರೆ ‘ಹೊ’, ಗದರಿದರೆ ‘ಗ’ ಎಂದು ಪಕ್ಕದಲ್ಲಿ ಬರೆಯಿರಿ.

ಅವಧಿ ಮುಗಿದಾಗ ಆ ಹಾಳೆ ಬಹಳಷ್ಟನ್ನು ಹೇಳುತ್ತದೆ. ಮುಂದಿನ ಸಾಲಿನ ನಾಲ್ಕು ಚೌಕಗಳಲ್ಲಿ ಗೀಟುಗಳು ಒತ್ತೊತ್ತಾಗಿರುತ್ತವೆ. ಕಿಟಕಿಯ ಬದಿಯ ಹಿಂದಿನ ಸಾಲಿನಲ್ಲಿ ‘ಗ’ ಮಾತ್ರ ಇರುತ್ತದೆ. ನಡುವೆ ಎಲ್ಲೋ ಒಂದೆರಡು ಚೌಕಗಳು ಪೂರ್ತಿ ಖಾಲಿ ಉಳಿದಿರುತ್ತವೆ. ಆ ಖಾಲಿ ಚೌಕದ ಮಗು ಗಲಾಟೆ ಮಾಡುವುದಿಲ್ಲ, ಹಾಜರಿ ತಪ್ಪಿಸುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅನೇಕ ಬಾರಿ ಸರಿಯಾಗಿ ಕೇಳಿಸದ ಮಗುವೋ, ಕನ್ನಡ ಇನ್ನೂ ಅರ್ಥವಾಗದ ಮಗುವೋ ಅಲ್ಲಿ ಕುಳಿತಿರುತ್ತದೆ.

ಎಚ್ಚರಿಕೆ: ಹಾಳೆಯನ್ನು ಆ ಶಿಕ್ಷಕರಿಗೆ ಮಾತ್ರ ತೋರಿಸಿ, ಅವರಿಗೇ ಕೊಟ್ಟುಬಿಡಿ. ಅದನ್ನು ಮೇಲಧಿಕಾರಿಗೆ ಕೊಟ್ಟರೆ ಅಥವಾ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಇಡೀ ಕ್ಲಸ್ಟರಿನಲ್ಲಿ ನಿಮಗೆ ಮತ್ತೊಂದು ತರಗತಿಯ ಬಾಗಿಲು ತೆರೆಯುವುದಿಲ್ಲ. ತಪಾಸಣೆಗೂ ಈ ವೀಕ್ಷಣೆಗೂ ಇರುವ ವ್ಯತ್ಯಾಸವನ್ನು ಮೊದಲೇ ಸ್ಪಷ್ಟವಾಗಿ ಹೇಳಿ, ಹೇಳಿದಂತೆಯೇ ನಡೆದುಕೊಳ್ಳಿ.

ಹಂತ 2: ಮೊದಲ ಗಂಟೆಯನ್ನು ಶಿಕ್ಷಕರ ಮಾತಿಗೆ ಬಿಡಿ

ದೀಪ ಬೆಳಗಿಸುವುದು, ಹಾರ, ಗಣ್ಯರ ಮಾತು ಇವುಗಳಿಗೆ ಮೊದಲ ಗಂಟೆಯನ್ನು ಕೊಡಬೇಡಿ. ವೃತ್ತಾಕಾರವಾಗಿ ಕೂತ ಮೇಲೆ, ತಮ್ಮ ಕೆಲಸದಲ್ಲಿ ಈಗ ಅತ್ಯಂತ ಕಷ್ಟವಾಗಿರುವುದು ಯಾವುದೆಂದು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆಯಲಿ. ಗಣತಿ, ಚುನಾವಣಾ ಕೆಲಸ, ಆನ್‌ಲೈನ್ ಮಾಹಿತಿ ತುಂಬಿಸುವುದು, ಬಿಸಿಯೂಟದ ಲೆಕ್ಕ, ಮೂರು ತರಗತಿಗಳಿಗೆ ಒಬ್ಬರೇ ಪಾಠ ಮಾಡುವುದು ಇವೆಲ್ಲ ಬರುತ್ತವೆ. ಅವುಗಳನ್ನು ಅಲ್ಲಗಳೆಯಬೇಡಿ, ‘ಇದು ಇಂದಿನ ವಿಷಯವಲ್ಲ’ ಎಂದು ಬದಿಗೆ ಸರಿಸಬೇಡಿ. ಚೀಟಿಗಳನ್ನು ಎರಡು ಗುಂಪು ಮಾಡಿ: ತರಗತಿಯೊಳಗೆ ನಮ್ಮ ಕೈಯಲ್ಲಿರುವುದು, ಇಲಾಖೆಯ ಮಟ್ಟದಲ್ಲಿ ಆಗಬೇಕಾದದ್ದು. ಎರಡನೆಯ ಗುಂಪನ್ನು ಬರೆದು ಬ್ಲಾಕ್ ಮಟ್ಟಕ್ಕೆ ತಲುಪಿಸುವ ಹೊಣೆಯನ್ನು ನೀವೇ ಹೊತ್ತುಕೊಳ್ಳಿ, ಹೊತ್ತ ಮೇಲೆ ತಲುಪಿಸಿ.

ಇದು ಸೌಜನ್ಯಕ್ಕಾಗಿ ಮಾಡುವ ಕೆಲಸವೆಂದು ಕೆಲವರು ತಿಳಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ತರಬೇತಿಯ ತಳಹದಿ ಇದೇ. ತನ್ನ ದಣಿವನ್ನು ಯಾರೂ ಕೇಳಿಸಿಕೊಳ್ಳದ ಶಿಕ್ಷಕಿಯ ಬಳಿ ಮಗುವಿನ ದಣಿವನ್ನು ಕೇಳಿಸಿಕೊಳ್ಳಿ ಎಂದು ಹೇಳುವ ನೈತಿಕ ಹಕ್ಕು ನಮಗಿರುವುದಿಲ್ಲ.

ಹಂತ 3: ಅರ್ಥವಾಗದ ಪಾಠದಲ್ಲಿ ಒಮ್ಮೆ ಕೂರಿಸಿ

ಮೊದಲ ದಿನದ ಬೆಳಗ್ಗೆಯೇ ಮಾಡಬೇಕಾದ ಚಟುವಟಿಕೆ ಇದು. ಹಾಜರಿರುವವರಲ್ಲಿ ಬಹುತೇಕರಿಗೆ ತಿಳಿಯದ ಭಾಷೆಯೊಂದನ್ನು ಮನೆಮಾತಾಗಿ ಆಡುವವರು ಹದಿನೈದು ನಿಮಿಷ ಗಣಿತ ಪಾಠ ಮಾಡಲಿ. ತುಮಕೂರು, ಹಾಸನದ ಕಡೆಯ ತಂಡಕ್ಕೆ ತುಳು ಚೆನ್ನಾಗಿ ಹೊಂದುತ್ತದೆ. ಕರಾವಳಿಯ ತಂಡಕ್ಕೆ ಲಂಬಾಣಿ ಅಥವಾ ತೆಲುಗು ಆಗಬಹುದು. ಪಾಠ ಎರಡನೆಯ ತರಗತಿಯ ಕೂಡುವ ಲೆಕ್ಕದಷ್ಟು ಸರಳವಾಗಿರಲಿ, ಆದರೆ ಪೂರ್ತಿ ಆ ಭಾಷೆಯಲ್ಲೇ ನಡೆಯಲಿ. ಪ್ರಶ್ನೆ ಕೇಳಲಿ, ಉತ್ತರ ಬಾರದಿದ್ದರೆ ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಕೇಳಲಿ.

ತುಳುವಿನಲ್ಲಿ ‘ಒಂಜಿ, ರಡ್ಡ್, ಮೂಜಿ’ ಎನ್ನುವವರೆಗೆ ಎಲ್ಲರೂ ನಗುತ್ತಾ ಹೇಳುತ್ತಾರೆ. ‘ನಾಲ್, ಐನ್’ ದಾಟಿ ‘ಆಜಿ, ಏಳ್, ಎಣ್ಮ, ಒರ್ಂಬ’ ಬರುವ ಹೊತ್ತಿಗೆ ಧ್ವನಿಗಳು ಕುಗ್ಗುತ್ತವೆ. ಲೆಕ್ಕ ಕೇಳತೊಡಗಿದ ಮೇಲೆ ಗಮನವಿಟ್ಟು ನೋಡಿ: ಒಬ್ಬರು ಪಕ್ಕದವರ ಪುಸ್ತಕ ಇಣುಕುತ್ತಾರೆ, ಇನ್ನೊಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂರುತ್ತಾರೆ, ಮತ್ತೊಬ್ಬರು ತಮ್ಮ ಸರದಿ ಬರಬಾರದೆಂದು ತಲೆ ತಗ್ಗಿಸುತ್ತಾರೆ, ಒಬ್ಬರಂತೂ ಮೊಬೈಲ್ ತೆಗೆಯುತ್ತಾರೆ. ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ.

ಪಾಠ ಮುಗಿದ ಮೇಲೆ ‘ನೀವು ಏನು ಮಾಡಿದಿರಿ?’ ಎಂದು ಕೇಳಿ, ಉತ್ತರಗಳನ್ನು ಚಾರ್ಟಿನಲ್ಲಿ ಬರೆಯಿರಿ. ಆನಂತರ ‘ನಿಮ್ಮ ತರಗತಿಯಲ್ಲಿ ಹೀಗೆ ಮಾಡುವ ಮಗು ಯಾವುದು? ಆ ಮಗುವನ್ನು ನಾವು ಏನೆಂದು ಕರೆಯುತ್ತೇವೆ?’ ಎಂದು ಕೇಳಿ. ದಡ್ಡ, ಸೋಮಾರಿ, ಗಮನವಿಲ್ಲದವಳು ಎಂಬ ಮಾತುಗಳು ತಾವಾಗಿಯೇ ಬರುತ್ತವೆ. ನೀವು ವ್ಯಾಖ್ಯಾನ ಕೊಡುವ ಅಗತ್ಯವಿರುವುದಿಲ್ಲ. ಅಲ್ಲಿಂದ ನೇರವಾಗಿ ಪರಿಹಾರದ ಕಡೆಗೆ ಹೋಗಿ: ಮಗುವಿನ ಮನೆಮಾತಿನಲ್ಲಿ ಕನಿಷ್ಠ ಇಪ್ಪತ್ತು ಪದ ಕಲಿತುಕೊಳ್ಳುವುದು, ಅದೇ ಭಾಷೆ ಬಲ್ಲ ದೊಡ್ಡ ತರಗತಿಯ ಮಗುವನ್ನು ಜೊತೆ ಮಾಡುವುದು, ಉತ್ತರವನ್ನು ಮೊದಲು ಮನೆಮಾತಿನಲ್ಲಿ ಹೇಳಲು ಬಿಟ್ಟು ಆಮೇಲೆ ಕನ್ನಡದಲ್ಲಿ ಹೇಳಿಸುವುದು, ವಸ್ತು ಮತ್ತು ಚಿತ್ರಗಳನ್ನು ಮುಂದಿಟ್ಟು ಮಾತನಾಡುವುದು. ತಾಂಡಾಗಳಲ್ಲಿ, ಗಡಿ ತಾಲ್ಲೂಕುಗಳಲ್ಲಿ, ಕಟ್ಟಡ ಕಾರ್ಮಿಕರ ಮಕ್ಕಳಿರುವ ಬೆಂಗಳೂರಿನ ಶಾಲೆಗಳಲ್ಲಿ ಇದು ನಿತ್ಯದ ವಿಷಯ.

ಎಚ್ಚರಿಕೆ: ಇದೇ ಮಾದರಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ, ಕೈ ಕಟ್ಟಿ ಬರೆಸುವ ಚಟುವಟಿಕೆಗಳನ್ನು ಅನೇಕರು ಮಾಡಿಸುತ್ತಾರೆ. ಅವುಗಳನ್ನು ನಾನು ಸಲಹೆ ಮಾಡುವುದಿಲ್ಲ. ಐದು ನಿಮಿಷ ಕಣ್ಣು ಮುಚ್ಚಿದವರಿಗೆ ಸಿಗುವುದು ಭಯ ಮತ್ತು ಅಯ್ಯೋ ಪಾಪ ಎಂಬ ಭಾವನೆ. ವರ್ಷಗಳಿಂದ ದೃಷ್ಟಿಯಿಲ್ಲದೆ ಬದುಕುತ್ತಿರುವ ಮಗುವಿನ ಕೌಶಲ ಅದರಲ್ಲಿ ಕಾಣುವುದಿಲ್ಲ. ಅದರ ಬದಲು ಅಂಗವೈಕಲ್ಯವಿರುವ ಶಿಕ್ಷಕರೊಬ್ಬರನ್ನು ಕರೆದು, ಶಾಲೆಯಲ್ಲಿ ತಮಗೆ ನೆರವಾದದ್ದೇನು, ಅಡ್ಡಿಯಾದದ್ದೇನು ಎಂದು ಅವರ ಬಾಯಿಂದಲೇ ಕೇಳುವುದು ಮೇಲು.

ಹಂತ 4: ಆಡುವ ಮಾತನ್ನು ಅಭ್ಯಾಸ ಮಾಡಿಸಿ

ಶಿಕ್ಷೆ ಬೇಡ ಎಂದಷ್ಟೇ ಹೇಳಿದರೆ ಶಿಕ್ಷಕರ ಕೈಯಲ್ಲಿದ್ದ ಉಪಾಯವನ್ನು ಕಿತ್ತುಕೊಂಡಂತಾಗುತ್ತದೆ. ಬದಲಿಗೆ ಬೇರೆ ಉಪಾಯ ಕೊಡಬೇಕು. ಆದ್ದರಿಂದ ಮೊದಲ ದಿನದ ಮಧ್ಯಾಹ್ನವನ್ನು ಪೂರ್ತಿಯಾಗಿ ಪಾತ್ರಾಭಿನಯಕ್ಕೆ ಇಡಿ. ಮೂವರ ಗುಂಪು: ಒಬ್ಬರು ಶಿಕ್ಷಕಿ, ಒಬ್ಬರು ಮಗು, ಒಬ್ಬರು ನೋಡುವವರು. ಸನ್ನಿವೇಶಗಳು ಅವರ ಶಾಲೆಗಳಿಂದಲೇ ಬರಲಿ.

ಒಂದು ಉದಾಹರಣೆ. ಐದನೆಯ ತರಗತಿಯ ಹುಡುಗಿ ಮೂರನೆಯ ದಿನವೂ ತಡವಾಗಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಮನೆಗೆಲಸದ ಪುಸ್ತಕ ತಂದಿಲ್ಲ. ರೂಢಿಯ ಮಾತು ಎಲ್ಲರಿಗೂ ಗೊತ್ತಿದೆ: ‘ಬಂದ್ರಾ ಮಹಾರಾಣಿ? ಇಷ್ಟು ಬೇಗ ಯಾಕೆ ಬಂದಿರಿ?’ ಇದರಲ್ಲಿ ಹೊಡೆತವಿಲ್ಲ, ಆದರೆ ಇಡೀ ತರಗತಿ ನಗುತ್ತದೆ, ಆ ನಗು ದಿನವಿಡೀ ಅವಳ ಬೆನ್ನಿಗಿರುತ್ತದೆ. ಅಭ್ಯಾಸ ಮಾಡಿಸಬೇಕಾದದ್ದು ಇದು: ‘ಬಾ, ಕೂತ್ಕೋ. ನಾವು 42ನೇ ಪುಟದಲ್ಲಿದ್ದೇವೆ. ಊಟಕ್ಕೆ ಬಿಟ್ಟಾಗ ನನ್ನ ಹತ್ತಿರ ಬಾ, ಎರಡು ನಿಮಿಷ ಮಾತಾಡೋಣ.’ ಊಟದ ಹೊತ್ತಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾಕೆ ತಡ?’ ಎಂಬುದಕ್ಕಿಂತ ‘ಬೆಳಗ್ಗೆ ಎದ್ದ ಮೇಲೆ ಏನೇನು ಕೆಲಸ ಇರುತ್ತೆ ನಿಂಗೆ?’ ಎಂದಿದ್ದರೆ, ತಂಗಿಯನ್ನು ಅಂಗನವಾಡಿಗೆ ಬಿಟ್ಟು, ನೀರು ತುಂಬಿಸಿ ಬರುವ ಸಂಗತಿ ಹೊರಬರಬಹುದು.

ಈ ಮಾತುಗಳನ್ನು ಓದಿ ಹೇಳಿದರೆ ಸಾಲದು. ಪ್ರತಿ ಶಿಕ್ಷಕರೂ ಬಾಯಿಬಿಟ್ಟು, ತಮ್ಮ ಊರಿನ ಮಾತಿನಲ್ಲಿ, ಎರಡು ಮೂರು ಬಾರಿ ಹೇಳಬೇಕು. ಧಾರವಾಡದವರು ಧಾರವಾಡದ ಹಾಗೆ, ಮಂಡ್ಯದವರು ಮಂಡ್ಯದ ಹಾಗೆ ಹೇಳಲಿ. ಸಿಟ್ಟು ಬಂದ ಕ್ಷಣದಲ್ಲಿ ನಾಲಿಗೆಗೆ ಬರುವುದು ರೂಢಿಯಾದ ಮಾತೇ. ಹೊಸ ಮಾತು ರೂಢಿಯಾಗುವವರೆಗೆ ಅದನ್ನು ಆಡಿ ಆಡಿ ಅಭ್ಯಾಸ ಮಾಡಬೇಕು. ಹಾಗೆಯೇ ಉಗ್ಗುವ ಮಗು ಉತ್ತರಿಸುವಾಗ ಕಾಯುವುದು, ವಾಕ್ಯವನ್ನು ನಾವು ಪೂರ್ತಿ ಮಾಡದಿರುವುದು, ತಪ್ಪು ಉತ್ತರ ಬಂದಾಗ ‘ಈ ಉತ್ತರಕ್ಕೆ ಹೇಗೆ ಬಂದೆ, ಹೇಳು ನೋಡೋಣ’ ಎನ್ನುವುದು, ಇಬ್ಬರು ಜಗಳವಾಡಿದಾಗ ಒಬ್ಬೊಬ್ಬರನ್ನೇ ಕೇಳಿಸಿಕೊಳ್ಳುವುದು ಇವನ್ನೂ ಅಭಿನಯಿಸಿ.

ಇಲ್ಲಿ ಒಂದು ಗಂಭೀರ ವಿಷಯವನ್ನು ಬಿಡಬಾರದು. ಶಿಕ್ಷಕರು ಮೆತ್ತಗೆ ಮಾತನಾಡತೊಡಗಿದಾಗ ಮಕ್ಕಳು ಭಾರವಾದ ಸಂಗತಿಗಳನ್ನೂ ಹೇಳತೊಡಗುತ್ತಾರೆ. ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡಬಾರದು. ‘ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ನೀನು ಹೇಳಿದ್ದು ಒಳ್ಳೆಯದಾಯಿತು’ ಎನ್ನಬೇಕು. ಪದೇ ಪದೇ ವಿವರ ಕೇಳಿ ಮಗುವನ್ನು ವಿಚಾರಣೆಗೆ ಒಳಪಡಿಸುವುದು ಶಿಕ್ಷಕರ ಕೆಲಸವಲ್ಲ.

ಹಂತ 5: ಊಟ, ನೀರು, ಪೊರಕೆ, ಪಟ್ಟಿ

ಪಾಠದ ಹೊರಗೆ ನಡೆಯುವ ದಿನಚರಿಯಲ್ಲಿ ಮಗುವಿಗೆ ತನ್ನ ಸ್ಥಾನ ಎಲ್ಲಿದೆಯೆಂದು ತಿಳಿಯುತ್ತದೆ. ತರಬೇತಿಯಲ್ಲಿ ಶಾಲಾವಾರು ಜೋಡಿಗಳಾಗಿ ಕೂತು, ಬೆಳಗ್ಗೆ ಗೇಟು ತೆರೆಯುವುದರಿಂದ ಸಂಜೆಯ ಗಂಟೆಯವರೆಗೆ ತಮ್ಮ ಶಾಲೆಯ ದಿನಚರಿಯನ್ನು ಬರೆದು, ಪ್ರತಿ ಕೆಲಸದ ಮುಂದೆ ‘ಇದನ್ನು ಯಾರು ಮಾಡುತ್ತಾರೆ, ಯಾರು ಮಾಡುವುದಿಲ್ಲ?’ ಎಂದು ಗುರುತಿಸಲಿ. ಕಸ ಗುಡಿಸುವುದು ಹುಡುಗಿಯರೇ ಏಕೆ, ಬೆಂಚು ಎತ್ತುವುದು ಹುಡುಗರೇ ಏಕೆ, ಶೌಚಾಲಯಕ್ಕೆ ನೀರು ಹಾಕಲು ಕರೆಯುವುದು ಯಾವ ಕೇರಿಯ ಮಕ್ಕಳನ್ನು, ಬಿಸಿಯೂಟದಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಕುಡಿಯುವ ನೀರಿನ ಲೋಟ ಯಾರ ಕೈಗೆ ಸಿಗುತ್ತದೆ ಎಂಬುದು ಹಾಳೆಯ ಮೇಲೆ ಬಂದಾಗ ಚರ್ಚೆ ಬಿಸಿಯಾಗುತ್ತದೆ. ಆಗಲಿ, ಆದರೆ ಶಾಲೆಯ ಹೆಸರು ಹಿಡಿದು ದೂರುವ ಮಟ್ಟಕ್ಕೆ ಹೋಗದಂತೆ ನೋಡಿಕೊಳ್ಳಿ.

ವಿದ್ಯಾರ್ಥಿವೇತನದ ಪಟ್ಟಿ ಮಾಡುವಾಗ ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎಂದು ತರಗತಿಯಲ್ಲಿ ಕೂಗುವ ಪದ್ಧತಿ ಅನೇಕ ಕಡೆ ಇನ್ನೂ ಇದೆ. ಯಾರಿಗೂ ನೋಯಿಸುವ ಉದ್ದೇಶ ಇರುವುದಿಲ್ಲ, ಬೇಗ ಕೆಲಸ ಮುಗಿಯಲೆಂದು ಹಾಗೆ ಮಾಡುತ್ತಾರೆ. ಆ ಮಾಹಿತಿ ಶಾಲೆಯ ದಾಖಲಾತಿ ಪುಸ್ತಕದಲ್ಲಿಯೂ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ಮಾಹಿತಿಯ ತಂತ್ರಾಂಶದಲ್ಲಿಯೂ ಇರುವಾಗ ಮಗುವನ್ನು ನಿಲ್ಲಿಸುವ ಅಗತ್ಯವೇ ಇಲ್ಲ. ಬೇಕಾದ ದಾಖಲೆಗಳಿಗಾಗಿ ಪೋಷಕರೊಡನೆ ಮಾತನಾಡಿದರೆ ಸಾಕು. ಈ ಒಂದು ಬದಲಾವಣೆಯನ್ನು ತರಬೇತಿಯ ಮರುದಿನವೇ ಜಾರಿಗೆ ತರಬಹುದು, ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಕಬ್ಬು ಕಡಿಯಲು ಅಥವಾ ಕಟ್ಟಡ ಕೆಲಸಕ್ಕೆ ಹೋದ ಕುಟುಂಬದ ಮಗು ವರ್ಷದ ನಡುವೆ ಬಂದಾಗ ವರ್ಗಾವಣೆ ಪತ್ರ ಇಲ್ಲವೆಂದು ಸೇರಿಸಿಕೊಳ್ಳದಿರುವುದು ಮತ್ತೊಂದು ಸಾಮಾನ್ಯ ತಪ್ಪು. ಪತ್ರ ತಡವಾದ ಕಾರಣಕ್ಕೆ ಪ್ರವೇಶವನ್ನು ತಡಮಾಡುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಮೊದಲ ದಿನ ಆ ಮಗುವಿಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿ, ನೀರು, ಶೌಚಾಲಯ, ಊಟದ ಜಾಗ ತೋರಿಸುವ ಕೆಲಸ ಕೊಡಿ.

ಹಂತ 6: ಅಂಗವೈಕಲ್ಯವಿರುವ ಮಗುವಿಗೆ ನಾಳೆಯಿಂದಲೇ ಮಾಡಬಹುದಾದದ್ದು

ಎರಡನೆಯ ದಿನದ ಬೆಳಗ್ಗೆಯನ್ನು ಇದಕ್ಕಿಡಿ. 21 ಬಗೆಗಳ ಹೆಸರನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ಶಿಕ್ಷಕರ ತರಗತಿಯಲ್ಲಿ ಈಗ ಇರುವ ಮಕ್ಕಳಿಂದಲೇ ಆರಂಭಿಸಿ. ಮಗುವಿನ ಹೆಸರು ಹೇಳದೆ, ಮಗುವಿಗೆ ಏನು ಮಾಡಲು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ವಿವರಿಸಲು ಹೇಳಿ.

ಕೇಳುವ ತೊಂದರೆ ಇರುವ ಮಗುವಿಗೆ ಶಿಕ್ಷಕರ ಮುಖ ಕಾಣಬೇಕು. ಬೋರ್ಡಿನ ಕಡೆ ತಿರುಗಿ ಮಾತನಾಡುವುದು, ಪುಸ್ತಕವನ್ನು ಮುಖದ ಮುಂದೆ ಹಿಡಿದು ಓದುವುದು, ಕಿಟಕಿಗೆ ಬೆನ್ನು ಮಾಡಿ ನಿಂತು ಮುಖ ಕತ್ತಲಾಗುವುದು ಇವನ್ನು ತಪ್ಪಿಸಿ. ಶ್ರವಣ ಸಾಧನ ಹಾಕಿದ ಮಾತ್ರಕ್ಕೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ತಿಳಿಯಬೇಡಿ. ಗದ್ದಲವನ್ನೂ ಅದು ದೊಡ್ಡದು ಮಾಡುತ್ತದೆ. ಮಂದದೃಷ್ಟಿಯ ಮಗುವನ್ನು ಮುಂದೆ ಕೂರಿಸಿದರಷ್ಟೇ ಸಾಲದು, ಬೋರ್ಡಿನ ಮೇಲೆ ಬೆಳಕು ಹೊಳೆಯದ ಕೋನವನ್ನು ಆ ಮಗುವನ್ನೇ ಕೇಳಿ ಆರಿಸಿ, ಬರೆಯುತ್ತಾ ಹೋದಂತೆ ಬರೆದದ್ದನ್ನು ಗಟ್ಟಿಯಾಗಿ ಹೇಳಿ. ಓದಿನ ತೊಂದರೆ ಇರುವ ಮಗುವನ್ನು ಏಕಾಏಕಿ ಎದ್ದು ನಿಂತು ಓದು ಎನ್ನಬೇಡಿ. ಯಾವ ಸಾಲು ಓದಿಸುತ್ತೀರೆಂದು ಹಿಂದಿನ ದಿನವೇ ತಿಳಿಸಿ, ಉತ್ತರವನ್ನು ಬಾಯಲ್ಲಿ ಹೇಳಲು ಬಿಡಿ. ಆಟಿಸಂ ಇರುವ ಮಗುವಿಗೆ ದಿನದ ಕ್ರಮವನ್ನು ಚಿತ್ರಗಳಲ್ಲಿ ಅಂಟಿಸಿ, ಕ್ರಮ ಬದಲಾಗುವುದಿದ್ದರೆ ಮುಂಚಿತವಾಗಿ ಹೇಳಿ. ಕೈಯ ಹಿಡಿತ ಕಡಿಮೆ ಇರುವ ಮಗುವಿನ ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಬಹುದು.

ಗಾಲಿಕುರ್ಚಿಯ ಇಳಿಜಾರು ಅನೇಕ ಶಾಲೆಗಳಲ್ಲಿ ಹೆಸರಿಗೆ ಮಾತ್ರ ಇರುತ್ತದೆ. ಎತ್ತರದ ಒಂದು ಅಡಿಗೆ ಉದ್ದ ಕನಿಷ್ಠ 12 ಅಡಿ ಇರಬೇಕೆಂಬುದು ಸಾಮಾನ್ಯ ಮಾನದಂಡ. ಅಳತೆಪಟ್ಟಿ ಹಿಡಿದು ಅಳೆಯಲು ಹೇಳಿ, ಕಡಿದಾಗಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಬರೆದು ದಾಖಲಿಸಲು ಹೇಳಿ.

ಮೂರ್ಛೆರೋಗದ ಪ್ರಥಮ ಚಿಕಿತ್ಸೆಯನ್ನು ಎಲ್ಲ ಶಿಕ್ಷಕರಿಗೂ ಕಲಿಸಲೇಬೇಕು, ಏಕೆಂದರೆ ಇಲ್ಲಿ ನಡೆಯುವ ತಪ್ಪು ಅಪಾಯಕಾರಿ. ಮಗುವಿಗೆ ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಹಲ್ಲುಗಳ ನಡುವೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಕೂಡದು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಮಗುವನ್ನು ಮಗ್ಗುಲಿಗೆ ತಿರುಗಿಸಿ, ಒತ್ತಿ ಹಿಡಿಯದೆ, ಗಡಿಯಾರ ನೋಡಿಕೊಳ್ಳಿ. 5 ನಿಮಿಷಕ್ಕಿಂತ ಹೆಚ್ಚು ಮುಂದುವರಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಉಳಿದ ಮಕ್ಕಳಿಗೆ ಇದು ಅಂಟುವ ರೋಗವಲ್ಲವೆಂದು ಅಂದೇ ಸರಳವಾಗಿ ಹೇಳಿ.

ಎಚ್ಚರಿಕೆ: ಗುರುತಿಸುವುದು ಬೇರೆ, ರೋಗನಿರ್ಣಯ ಬೇರೆ. ಎನ್‌ಸಿಇಆರ್‌ಟಿ ರೂಪಿಸಿದ ‘ಪ್ರಶಸ್ತ್’ ಎಂಬ ತಪಾಸಣಾ ಪಟ್ಟಿ ಮತ್ತು ಆ್ಯಪ್ ಶಿಕ್ಷಕರಿಗೆ ಮೊದಲ ಸುಳಿವು ಕೊಡುತ್ತವೆ, ಅಷ್ಟೇ. ಅದರ ಆಧಾರದ ಮೇಲೆ ಪೋಷಕರಿಗೆ ‘ನಿಮ್ಮ ಮಗನಿಗೆ ಬುದ್ಧಿಮಾಂದ್ಯ’ ಎಂದು ಹೇಳುವ ಅಧಿಕಾರ ಯಾವ ಶಿಕ್ಷಕರಿಗೂ ಇಲ್ಲ. ಹೇಳಬೇಕಾದ ಮಾತು ಇಷ್ಟು: ‘ಅಮ್ಮಾ, ಇವನು ಬೋರ್ಡಿನ ಮೇಲಿನದನ್ನು ಬರೆದುಕೊಳ್ಳಲು ಕಷ್ಟಪಡುತ್ತಿದ್ದಾನೆ, ಒಮ್ಮೆ ಪರೀಕ್ಷೆ ಮಾಡಿಸೋಣ, ನಾನೂ ಜೊತೆಗೆ ಬರುತ್ತೇನೆ.’ ಬಿಐಇಆರ್‌ಟಿಯವರ ಮೂಲಕ ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಕಳುಹಿಸಿ, ಅಂಗವೈಕಲ್ಯವಿರುವವರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಹಾಕಿಸಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಬರಹಗಾರರ ನೆರವು ಮತ್ತು ಹೆಚ್ಚುವರಿ ಸಮಯ ಪಡೆಯಲು ದಾಖಲೆ ಬೇಕಾಗುವುದರಿಂದ, ಹತ್ತನೆಯ ತರಗತಿಯವರೆಗೆ ಕಾಯದೆ ಬಹಳ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು.

ಹಂತ 7: ಒಂದು ಪಾಠವನ್ನು ಒಟ್ಟಿಗೆ ಬದಲಿಸಿ

ಮುಂದಿನ ವಾರ ಮಾಡಲಿರುವ ಪಾಠವನ್ನೇ ಎಲ್ಲರೂ ತಂದಿರಲಿ. ಅದೇ ಪಾಠವನ್ನು ಮೂರು ಪ್ರಶ್ನೆಗಳಿಂದ ನೋಡಲಿ: ವಿಷಯವನ್ನು ಓದಿನಿಂದಲ್ಲದೆ ಇನ್ನಾವ ರೀತಿಯಲ್ಲಿ ಮಗುವಿಗೆ ತಲುಪಿಸಬಹುದು? ಬರವಣಿಗೆಯಲ್ಲದೆ ಇನ್ನಾವ ರೀತಿಯಲ್ಲಿ ಮಗು ತಾನು ಕಲಿತದ್ದನ್ನು ತೋರಿಸಬಹುದು? ಎಲ್ಲರಿಗೂ ಒಂದೇ ಕೆಲಸದ ಬದಲು ಆಯ್ಕೆ ಕೊಡಬಹುದೇ? ನಲಿ-ಕಲಿ ತರಗತಿಯ ಅನುಭವವಿರುವ ಶಿಕ್ಷಕರು ಇದರಲ್ಲಿ ಉಳಿದವರಿಗಿಂತ ಮುಂದಿರುತ್ತಾರೆ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಮಗು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ, ರಜೆ ಹಾಕಿ ಬಂದರೂ ಬಿಟ್ಟಲ್ಲಿಂದಲೇ ಹಿಡಿಯಬಹುದು. ಈ ವಿಚಾರವನ್ನು ನಾಲ್ಕನೆಯ ತರಗತಿಯಿಂದ ಮೇಲಕ್ಕೆ ಹೇಗೆ ಒಯ್ಯಬಹುದೆಂದು ಅವರೇ ಉಳಿದವರಿಗೆ ತೋರಿಸಲಿ.

ಹಂತ 8: ಮೂರು ತಿಂಗಳು ಬೆನ್ನು ಬಿಡದಿರಿ

ತರಬೇತಿಯ ಕೊನೆಯಲ್ಲಿ ಪ್ರತಿ ಶಿಕ್ಷಕರೂ ಒಂದು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಮಗುವಿಗಾಗಿ ತಾವು ಬದಲಿಸಲಿರುವ ಒಂದೇ ಒಂದು ಅಭ್ಯಾಸವನ್ನು ಬರೆಯಲಿ. ಹತ್ತು ಸಂಕಲ್ಪ ಮಾಡಿಸಬೇಡಿ. ‘ಪ್ರತಿದಿನ ಕನಿಷ್ಠ ಒಂದು ಬಾರಿ ಆ ಮಗುವಿನ ಹೆಸರು ಹಿಡಿದು, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕೇಳುತ್ತೇನೆ’ ಎನ್ನುವಷ್ಟು ಚಿಕ್ಕದಾಗಿರಲಿ.

ತಿಂಗಳ ಸಮಾಲೋಚನಾ ಸಭೆಯಲ್ಲಿ ಮೊದಲ ಮುಕ್ಕಾಲು ಗಂಟೆ ಇದಕ್ಕೇ ಮೀಸಲಿರಲಿ. ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರೂ ಏನು ಮಾಡಿದೆ, ಮಗು ಏನು ಮಾಡಿತು, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಹೇಳಲಿ. ಉಳಿದವರು ಮೊದಲು ಪ್ರಶ್ನೆ ಕೇಳಿ, ಆಮೇಲೆ ಮಾತ್ರ ಸಲಹೆ ಕೊಡಲಿ. ನಡುವೆ ಒಮ್ಮೆ ಜೋಡಿ ಶಿಕ್ಷಕರು ಪರಸ್ಪರರ ತರಗತಿಯಲ್ಲಿ ಕೂತು ಮೊದಲಿನ ಹಾಗೆಯೇ ಚೌಕಗಳ ಹಾಳೆಯನ್ನು ತುಂಬಿಸಲಿ. ಮೂರು ತಿಂಗಳ ಹಿಂದಿನ ಹಾಳೆಯ ಪಕ್ಕದಲ್ಲಿಟ್ಟು ನೋಡಿದರೆ ಬದಲಾವಣೆ ಆಗಿದೆಯೇ ಇಲ್ಲವೇ ಎಂಬುದಕ್ಕೆ ಬೇರೆ ಪುರಾವೆ ಬೇಡ. ತರಬೇತಿಯ ಕೊನೆಯಲ್ಲಿ ತುಂಬಿಸುವ ‘ತುಂಬಾ ಚೆನ್ನಾಗಿತ್ತು’ ಎಂಬ ಹಿಮ್ಮಾಹಿತಿ ನಮೂನೆಯಿಂದ ಇದು ತಿಳಿಯುವುದಿಲ್ಲ.

ಮಕ್ಕಳನ್ನೂ ಕೇಳಬಹುದು. ‘ಪಾಠ ಅರ್ಥವಾಗದಿದ್ದರೆ ಯಾರನ್ನು ಕೇಳುತ್ತೀಯ?’, ‘ಊಟಕ್ಕೆ ಯಾರ ಜೊತೆ ಕೂರುತ್ತೀಯ?’ ಎಂಬ ಎರಡು ಪ್ರಶ್ನೆ ಸಾಕು. ಉತ್ತರವನ್ನು ಒಬ್ಬೊಬ್ಬರಿಂದಲೇ, ಬೇರೆಯವರ ಕಿವಿಗೆ ಬೀಳದಂತೆ ಪಡೆಯಿರಿ. ‘ಯಾರೂ ಇಲ್ಲ’ ಎಂದು ಹೇಳಿದ ಮಗು ಮುಂದಿನ ತಿಂಗಳು ಎಲ್ಲರಿಗಿಂತ ಮೊದಲು ಗಮನಿಸಬೇಕಾದ ಮಗು.

ಹಂತ 9: ಮುಂದಿನ ತರಗತಿಗೆ ಮಾಹಿತಿ ದಾಟಿಸಿ

ವರ್ಷದ ಕೊನೆಯಲ್ಲಿ ಮಗು ಮುಂದಿನ ತರಗತಿಗೆ ಹೋಗುತ್ತದೆ, ಅದರ ಬಗ್ಗೆ ಕಲಿತದ್ದೆಲ್ಲ ಹಳೆಯ ಶಿಕ್ಷಕರಲ್ಲೇ ಉಳಿಯುತ್ತದೆ. ಶಿಕ್ಷಕರ ವರ್ಗಾವಣೆಯಾದರೆ ಅದೂ ಹೋಯಿತು. ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಿಸುವ ವಾರದಲ್ಲೇ, ಗಮನ ಬೇಕಾದ ಪ್ರತಿ ಮಗುವಿನ ಬಗ್ಗೆ ಅರ್ಧ ಪುಟ ಬರೆಯಿಸಿ: ಈ ಮಗುವಿಗೆ ಏನು ಚೆನ್ನಾಗಿ ಬರುತ್ತದೆ, ಯಾವ ನೆರವು ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಮನೆಯಲ್ಲಿ ಯಾರನ್ನು ಸಂಪರ್ಕಿಸಬೇಕು. ರೋಗದ ಹೆಸರಿನಿಂದ ಬರಹ ಆರಂಭವಾಗದಿರಲಿ, ಮಗುವಿಗೆ ಬರುವುದರಿಂದ ಆರಂಭವಾಗಲಿ. ಪೋಷಕರಿಗೆ ಓದಿ ಹೇಳಿ, ಅವರ ಒಪ್ಪಿಗೆ ಪಡೆದು, ಮುಖ್ಯ ಶಿಕ್ಷಕರ ಬೀರುವಿನಲ್ಲಿ ಬೀಗ ಹಾಕಿ ಇಡಿ. ಜೂನ್‌ನಲ್ಲಿ ಹೊಸ ತರಗತಿ ಶಿಕ್ಷಕರು ಮೊದಲ ವಾರದೊಳಗೆ ಅದನ್ನು ಓದಿ ಸಹಿ ಮಾಡಲಿ. ಮಗು ಎಂಟನೆಯ ತರಗತಿಗೆ ಬೇರೆ ಪ್ರೌಢಶಾಲೆಗೆ ಹೋಗುವುದಿದ್ದರೆ, ಪೋಷಕರ ಒಪ್ಪಿಗೆಯೊಂದಿಗೆ ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟು ವರ್ಗಾವಣೆ ಪತ್ರದ ಜೊತೆಯಲ್ಲೇ ಕೊಡಿ, ಮತ್ತು ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಫೋನ್ ಮಾಡಿ.